ಹದಿನಾಲ್ಕನೇ ಸೀಟಿನ ಬಿಲ್ಲೆ

ಒಂದು ಊರು. ಊರಿಗೊಂದು ಬೆಟ್ಟ. ಬೆಟ್ಟದ ತುದಿಗೊಂದು ಉದ್ಯಾನ. ಅಲ್ಲಿಗೆ ಹೋಗಲು ಉಕ್ಕಿನ ಹಗ್ಗಕ್ಕೆ ಜೋತುಬಿದ್ದ ಒಂದು ಕೆಂಪು ಬಂಡಿ. ನೀವು ಹೂಂ ಎಂದರೆ ಕಥೆ ಮುಂದಕ್ಕೆ ಹೋಗುತ್ತದೆ. ಎನ್ನದಿದ್ದರೂ ಹೋಗುತ್ತದೆ, ಯಾಕೆಂದರೆ ಆ ಬಂಡಿಯನ್ನು ಯಾರಿಂದಲೂ ನಿಲ್ಲಿಸಲು ಆಗಲಿಲ್ಲ.

ಮೊದಲ ದಿನ, ಮೊದಲ ಸವಾರಿ. ಇಪ್ಪತ್ತನಾಲ್ಕು ಸೀಟು, ಇಪ್ಪತ್ತನಾಲ್ಕು ಜನ. ನೆನಪಿಗೆಂದು ಪ್ರತಿಯೊಬ್ಬರ ಎದೆಗೂ ಚುಚ್ಚಲು ಒಂದೊಂದು ತಗಡಿನ ಬಿಲ್ಲೆ. ಮುಂದೆ ಕೆಂಪು ಬಂಡಿಯ ಚಿತ್ರ, ಹಿಂದೆ ಸೀಟಿನ ನಂಬರು. ಬಿಲ್ಲೆ ಚುಚ್ಚುವ ಕೆಲಸಕ್ಕೆ ಕಂಪನಿಯವರು ಒಬ್ಬ ಸಪೂರ ಹೆಣ್ಣುಮಗಳನ್ನು ಇಟ್ಟುಕೊಂಡಿದ್ದರು. ಗಂಡ ಬಿಟ್ಟುಹೋಗಿದ್ದ, ಮನೆಯಲ್ಲಿ ಎರಡು ವರ್ಷದ ಮಗುವಿತ್ತು.

ಅರ್ಧ ದಾರಿಯಲ್ಲಿ ಹಗ್ಗ ಕಳಚಿತು. ಯಾರೂ ಉಳಿಯಲಿಲ್ಲ.

ಬೆಟ್ಟದ ಬುಡದಲ್ಲಿ ಒಂದು ಕಲ್ಲು ನೆಟ್ಟು ಇಪ್ಪತ್ತನಾಲ್ಕು ಹೆಸರು ಕೆತ್ತಿಸಿದರು.

ಸತ್ತವರು ಇಪ್ಪತ್ತೈದು.

ಬಿಲ್ಲೆಗಳನ್ನು ನಿಲ್ದಾಣದಲ್ಲೇ ಚುಚ್ಚಿ ಇಳಿಯಬೇಕಿದ್ದ ಕೆಲಸದವಳು ಮೋಜಿಗಾಗಿ ಬಂಡಿ ಹತ್ತಿದಳು, ಕೆಳಗೆ ನಿಂತು ಬಂಡಿಯ ಹಿಡಿ ಎಳೆಯುವವನು ಅವಳನ್ನು ಹತ್ತಲು ಬಿಟ್ಟ, ಭಾರ ಹೆಚ್ಚಾಯಿತು, ಹನ್ನೊಂದು ಬಿಲ್ಲೆಗಳೂ ಕಳುವಾಗಿವೆ. ಕಂಪನಿಯ ವರದಿ ಇಷ್ಟೇ. ಒಬ್ಬ ಸಪೂರ ಹೆಂಗಸಿನ ಭಾರಕ್ಕೆ ಉಕ್ಕಿನ ಹಗ್ಗ ಕಳಚಿತೆಂದು ಊರು ನಂಬಿತು. ಸತ್ತವಳನ್ನು ಬೈಯುವುದು ಸುಲಭ. ಅವಳು ತಿರುಗಿ ಮಾತಾಡುವುದಿಲ್ಲ.

ಆ ಎರಡು ವರ್ಷದ ಮಗುವೇ ನಮ್ಮ ಹುಡುಗಿ. ಈಗ ಅವಳಿಗೆ ಇಪ್ಪತ್ತೈದು. ಕೆಲಸವೂ ಬಿಲ್ಲೆಯದ್ದೇ: ಪೇಟೆಯ ಹಿಂದಿನ ಬೀದಿಯ ಕಾರ್ಖಾನೆಯಲ್ಲಿ ಯಂತ್ರದ ಹಿಡಿ ಎಳೆದು ಬಿಲ್ಲೆ ಒತ್ತುವುದು. ಅವಳನ್ನು ಸಾಕಿದ್ದು ಅಮ್ಮನ ಅಮ್ಮ. ಅಜ್ಜಿಯ ಎಲ್ಲಾ ಕಥೆಗಳೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತಿದ್ದವು.

"ಆ ಕಲ್ಲಿನ ಮೇಲೆ ಅವಳ ಹೆಸರು ಬರೋವರೆಗೂ ನನಗೆ ಸಾವು ಬರಬಾರದು ಪುಟ್ಟಿ."

"ಬರಸ್ತೀನಿ ಅಜ್ಜಿ. ನಾಲ್ಕೇ ಅಕ್ಷರ. ಬರಸೇ ಬರಸ್ತೀನಿ."

ಹೇಳುವುದು ಸುಲಭವಿತ್ತು. ಕಲ್ಲಿನ ಉಸ್ತುವಾರಿ ಒಬ್ಬ ಹಿರಿಯಮ್ಮನದು. ಹದಿನಾಲ್ಕನೇ ಸೀಟಿನಲ್ಲಿ ಗಂಡನನ್ನು ಕಳೆದುಕೊಂಡವಳು. ಹುಡುಗಿ ಮೂರು ಸಲ ಅವಳ ಬಾಗಿಲಿಗೆ ಹೋಗಿದ್ದಳು. ಮೂರೂ ಸಲ ಒಂದೇ ಉತ್ತರ.

"ನನ್ನ ಗಂಡನ ಹೆಸರಿನ ಪಕ್ಕ ಕಳ್ಳಿ ಹೆಸರು ಬೇಡ. ಹೋಗು."



ಆ ಬೆಳಿಗ್ಗೆ ಯಾವುದೋ ಶಾಲೆಯ ಓಟದ ಪಂದ್ಯಕ್ಕೆ ಮುನ್ನೂರು ಬಿಲ್ಲೆ ಬೇಕಿತ್ತು. ತಗಡು, ಅದರ ಮೇಲೆ ಚಿತ್ರದ ಕಾಗದ, ಅದರ ಮೇಲೆ ತೆಳುವಾದ ಪಾರದರ್ಶಕ ಹಾಳೆ, ಹಿಂದೆ ಸೂಜಿ ಕೂರುವ ತಗಡಿನ ಬಳೆ. ಒಂದು ಎಳೆತ, ಒಂದು ಬಿಲ್ಲೆ. ಅವಳ ಕೈ ತಾನೇ ಓಡುತ್ತಿತ್ತು.

"ಇಲ್ಲಿ ಸೂಜಿ ನೋಡಿ ಹೇಳೋರು ಒಬ್ಬರು ಇದ್ದಾರಂತೆ."

ಬಾಗಿಲಲ್ಲಿ ಒಬ್ಬ ನಿಂತಿದ್ದ. ಎತ್ತರ, ದಪ್ಪ ಹುಬ್ಬು, ಇಸ್ತ್ರಿ ಮಾಡಲು ಮರೆತ ಅಂಗಿ.

"ಸೂಜಿ ನೋಡಿ ಭವಿಷ್ಯ ಎಲ್ಲಾ ಹೇಳಲ್ಲ ಸಾರ್," ಎಂದಳು ತಲೆ ಎತ್ತದೆ.

ಅವನು ಕರವಸ್ತ್ರ ಬಿಚ್ಚಿ ಅವಳ ಮುಂದೆ ಇಟ್ಟ. ಅದರೊಳಗೆ ಕೆಂಪು ಬಂಡಿ.

ಯಂತ್ರದ ಹಿಡಿ ಅರ್ಧಕ್ಕೇ ನಿಂತಿತು.

"ಈ ಸೂಜಿನ ಒಂದು ಸಲವಾದರೂ ಬಿಚ್ಚಿದ್ದಾರಾ, ಇಲ್ಲಾ ಒತ್ತಿದ ಹಾಗೇ ಇದೆಯಾ? ಅಷ್ಟು ಹೇಳಿದ್ರೆ ಸಾಕು."

"ಯಾರ ಹೆಣದ ಮೇಲಿಂದ ಕಿತ್ತಿದ್ದು?"

ಅವನ ಮುಖ ಬಿಳಿಚಿತು. "ಮೂರನೇ ಸೀಟಿನವರದು. ಅವರ ಮಗಳೇ ಕೊಟ್ಟರು. ನಾನು ಮ್ಯೂಸಿಯಂನಲ್ಲಿ ಪಟ್ಟಿ ಬರೆಯೋನು."

"ಸತ್ತವರ ಬಿಲ್ಲೆ ಅಂದ್ರೆ ಸಂಗ್ರಹ ಮಾಡೋರು ಬಾಯಿಬಾಯಿ ಬಿಡ್ತಾರಂತೆ. ನೀವೂ ಅದೇ ಜಾತೀನಾ?"

ಅವನು ಬಿಲ್ಲೆಯನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಹೊರಗೆ ಹೋಗಿ ಎನ್ನಬೇಕಿತ್ತು. ಆದರೆ ಕೈ ಕೇಳಬೇಕಲ್ಲ... ಅದು ಬಿಲ್ಲೆಯನ್ನು ತಿರುಗಿಸಿ ಬೆಳಕಿಗೆ ಹಿಡಿದಾಗಿತ್ತು.

"ಬಿಚ್ಚಿದ್ದಾರೆ. ಒಮ್ಮೆ ಬಿಚ್ಚಿದ ಸೂಜಿ ಮತ್ತೆ ಮೊದಲಿನ ಹಾಗೆ ಕೂರಲ್ಲ. ನೋಡಿ, ಕೂದಲೆಳೆಯಷ್ಟು ಎದ್ದಿದೆ."

"ಯಾರು ಚುಚ್ಚಿದ್ದು ಅಂತ..."

"ಅದನ್ನ ಸೂಜಿ ಹೇಳಲ್ಲ. ನಾನು ಹೇಳ್ತೀನಿ. ನಮ್ಮಮ್ಮ."

ಅವನು ಅವಳನ್ನೇ ನೋಡಿದ. ಆಗಲೇ ಹೇಳಬೇಕಾಗಿದ್ದ ಮಾತೊಂದು ಅವನ ಗಂಟಲವರೆಗೆ ಬಂದು ಕೆಳಗಿಳಿಯಿತು. ಈ ಕಥೆಯ ಎಲ್ಲಾ ನೋವೂ ಆ ಒಂದು ಗುಟುಕಿನಿಂದ ಶುರುವಾಯಿತು.



ಮುಂದಿನ ವಾರ ಅವನು ಮತ್ತೆ ಬಂದ, ಡಬ್ಬಿ ತುಂಬ ಹಳೆಯ ಬಿಲ್ಲೆಗಳನ್ನು ಹೊತ್ತುಕೊಂಡು. ಊರಿನ ನೂರು ವರ್ಷದ ಚರಿತ್ರೆಯನ್ನು ಬಿಲ್ಲೆಗಳಲ್ಲೇ ತೋರಿಸುವ ಪ್ರದರ್ಶನವಂತೆ. ಬಳೆ ಸಡಿಲವಾದವನ್ನು ಅವಳು ಸರಿಮಾಡಿಕೊಡಬೇಕಂತೆ.

"ಮೊದಲು ಬರೀ ರಿಬ್ಬನ್ ಕೊಡ್ತಿದ್ದರು," ಎನ್ನುತ್ತಿದ್ದ ಅವನು, ಪಕ್ಕದ ಸ್ಟೂಲಿನಲ್ಲಿ ಕುಳಿತು. "ಆಮೇಲೆ ತಗಡು ಬಂತು, ಕಾಗದದ ಮೇಲೆ ಬಣ್ಣ ಬಂತು. ಸೇತುವೆ ತೆರೆದ ದಿನ, ಬಲೂನು ಹಾರಿದ ದಿನ, ಮೊದಲ ರೈಲು ಬಂದ ದಿನ. ಫೋಟೊ ತೆಗೆಸಿಕೊಳ್ಳೋಕೆ ಆಗದೇ ಇರೋರಿಗೆ ಇದೇ ಸಾಕ್ಷಿ. ಆವತ್ತು ನಾನೂ ಅಲ್ಲಿದ್ದೆ ಅಂತ."

"ಇದೇನು, ಜಿರಾಫೆ?"

"ಮೃಗಾಲಯಕ್ಕೆ ಜಿರಾಫೆ ಬಂದ ದಿನದ್ದು. ಅದು ದಾರೀಲೇ ಕಾಯಿಲೆ ಬಿದ್ದು ಬರಲೇ ಇಲ್ಲ. ಬಿಲ್ಲೆ ಮಾತ್ರ ಹಂಚಿಬಿಟ್ಟಿದ್ದರು."

"ಹಾಗಾದ್ರೆ ಇದು ಸುಳ್ಳು ಬಿಲ್ಲೆ."

"ಸುಳ್ಳಲ್ಲ. ಕಾದವರ ಬಿಲ್ಲೆ."

ಅವಳು ಆ ಮಾತನ್ನು ಮನೆಗೆ ಕೊಂಡೊಯ್ದಳು. ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ ಬರುತ್ತಿದ್ದ. ಇವನು ಎರಡು ಬೀದಿ ದಾಟಿ, ಜಿರಾಫೆ ಇಲ್ಲದ ಜಿರಾಫೆ ಬಿಲ್ಲೆ ಹಿಡಿದು ಬಂದಿದ್ದ. ಪರವಾಗಿಲ್ಲ ಎನಿಸಿತು ಅವಳಿಗೆ.

ಒಂದು ಮಧ್ಯಾಹ್ನ ಅವನಿಗೂ ಹಿಡಿ ಎಳೆಯಲು ಕಲಿಸಿದಳು. ಕಾಗದ ಓರೆಯಾಗಿ ಜಿರಾಫೆಯ ತಲೆ ಅಂಚಿನಲ್ಲಿ ಮಡಚಿಹೋಯಿತು. ಅದನ್ನೇ ತನ್ನ ಏಪ್ರನ್‌ಗೆ ಚುಚ್ಚಿಕೊಂಡು ದಿನವೆಲ್ಲ ಓಡಾಡಿದಳು.

"ಏನಮ್ಮಾ," ಎಂದರು ಕಾರ್ಖಾನೆಯ ಯಜಮಾನರು, ಕನ್ನಡಕದ ಮೇಲಿನಿಂದ ಇಣುಕಿ. "ತಲೆ ಇಲ್ಲದ ಜಿರಾಫೆ ನೋಡಿ ನಗ್ತಿದ್ದೀಯೋ, ಅದನ್ನ ಒತ್ತಿದೋರನ್ನ ನೆನೆಸ್ಕೊಂಡು ನಗ್ತಿದ್ದೀಯೋ?"

"ಎರಡಕ್ಕೂ ತಲೆ ಇಲ್ಲ ಯಜಮಾನ್ರೇ."

ಒಂಬತ್ತನೇ ವಾರ ಅವನು ನಗಲಿಲ್ಲ. "ನಿಮ್ಮಜ್ಜಿ ಹತ್ರ ಒಂದು ಮಾತು ಹೇಳಬೇಕು. ನಿಮಗೂ. ಮನೆಗೆ ಬರಲಾ?"

ಮಾತು ಯಾವುದೆಂದು ತನಗೆ ಗೊತ್ತು ಎಂದುಕೊಂಡಳು. ಪಾಪ.



ಬಾಗಿಲು ತೆರೆದದ್ದು ಅಜ್ಜಿ. ಅವನ ಮುಖ ನೋಡಿದವಳೇ ಚಿಲಕ ಹಿಡಿದ ಕೈ ತೆಗೆಯಲಿಲ್ಲ.

"ಈ ಹುಬ್ಬು ನನಗೆ ಗೊತ್ತು," ಎಂದಳು ನಿಧಾನವಾಗಿ. "ಆ ಬಂಡಿಯ ಹಿಡಿ ಎಳೆದೋನ ಮಗ."

"ಹೌದಮ್ಮ. ಅದನ್ನೇ ಹೇಳೋಕೆ ಬಂದೆ."

ಒಳಗೆ ಲೋಟ ಒರೆಸುತ್ತಿದ್ದ ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಲೋಟವನ್ನು ಬಹಳ ಮೆಲ್ಲಗೆ ಕೆಳಗಿಟ್ಟಳು.

"ಒಂಬತ್ತು ವಾರ," ಎಂದಳು. "ಒಂಬತ್ತು ವಾರ ನನ್ನ ಪಕ್ಕ ಕೂತ್ಕೊಂಡು ಕಥೆ ಹೇಳಿದ್ರಿ."

"ಹೇಳೋಕೆ ಪ್ರತಿ ಸಲ ಬಾಯಿ ತೆಗೀತಿದ್ದೆ. ಆಗ್ತಿರಲಿಲ್ಲ. ನಮ್ಮಪ್ಪ ಸಾಯೋವರೆಗೂ ಒಂದೇ ಮಾತು ಹೇಳ್ತಿದ್ದರು. ನಿಲ್ದಾಣದಲ್ಲಿ ಚುಚ್ಚುತ್ತಾ ಕೂತ್ರೆ ತಡ ಆಗುತ್ತೆ, ಬಂಡಿ ಹೋಗ್ತಾ ಇರೋವಾಗಲೇ ಚುಚ್ಚು ಅಂತ ಕಂಪನಿಯೋರೇ ಅವಳಿಗೆ ಹೇಳಿದ್ದು, ಅದಕ್ಕೇ ಹತ್ತಿಸಿದೆ ಅಂತ. ಯಾರೂ ನಂಬಲಿಲ್ಲ. ನನ್ನ ಹತ್ರ ಈಗ ಹದಿಮೂರು ಬಿಲ್ಲೆ ಇದೆ. ಉಳಿದ ಹನ್ನೊಂದು ಸಿಕ್ಕಿದ್ರೆ..."

ಅಜ್ಜಿ ಗೋಡೆ ಹಿಡಿದು ಕೆಳಗೆ ಕುಳಿತಳು. ಹುಡುಗಿ ಅದನ್ನು ಗಮನಿಸಲಿಲ್ಲ.

"ಓ... ಅದಕ್ಕೆ ಬಂದಿದ್ದು. ನನಗಲ್ಲ. ಹನ್ನೊಂದು ಬಿಲ್ಲೆಗೆ."

"ಹಾಗಲ್ಲ..."

"ಊರೋರೆಲ್ಲಾ ನಿಮ್ಮ ಮನೆಗೆ ಕಲ್ಲು ಹೊಡೆದಿದ್ದರಂತೆ. ಆಗ ನಾನು ಚಿಕ್ಕವಳು. ದೊಡ್ಡವಳಾಗಿದ್ದಿದ್ರೆ ನಾನೂ ಒಂದು ಹೊಡೀತಿದ್ದೆ. ನೇರ ನಿಮ್ಮಪ್ಪನ ಹಣೆಗೆ."

ಅವನು ಮತ್ತೆ ಮಾತಾಡಿದಾಗ ದನಿ ಬೇರೆಯಾಗಿತ್ತು.

"ನಮ್ಮನೇಲೂ ಒಬ್ಬ ಅಜ್ಜಿ ಇದ್ದಳು. ಅವಳೂ ಕಥೆ ಹೇಳ್ತಿದ್ದಳು. ಅದರಲ್ಲಿ ರಾಕ್ಷಸಿ ನಿಮ್ಮಮ್ಮ. ಮೋಜಿಗೆ ಬಂಡಿ ಹತ್ತಿದವಳು, ಇಪ್ಪತ್ತನಾಲ್ಕು ಜನರನ್ನ ತಿಂದವಳು. ನಾನು ಬಹಳ ವರ್ಷ ನಂಬಿದ್ದೆ. ಇವತ್ತು ಮತ್ತೆ ನಂಬಬಹುದು ಅನ್ನಿಸ್ತಿದೆ."

ಹೋದ. ಚಪ್ಪಲಿ ಹಾಕಿಕೊಳ್ಳುವಾಗ ಎಡ-ಬಲ ಅದಲುಬದಲಾದವು. ಅದನ್ನು ನೋಡಿ ಅವಳಿಗೆ ಅಳು ಬಂತು, ಅಳು ಬಂದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.



ಪ್ರದರ್ಶನಕ್ಕೆ ನಾಲ್ಕು ದಿನವಿರುವಾಗ ರಿಪೇರಿ ಮಾಡಿದ ಬಿಲ್ಲೆಗಳನ್ನು ಒಪ್ಪಿಸಿ ಬರಲು ಯಜಮಾನರು ಅವಳನ್ನೇ ಕಳಿಸಿದರು.

ಗಾಜಿನ ಪೆಟ್ಟಿಗೆಗಳ ಸಾಲು. ಸೇತುವೆ, ರೈಲು, ಬಾರದ ಜಿರಾಫೆ. ಕೊನೆಯ ಪೆಟ್ಟಿಗೆಯಲ್ಲಿ ಹದಿಮೂರು ಕೆಂಪು ಬಂಡಿ, ಹನ್ನೊಂದು ಖಾಲಿ ಗುಳಿ. ಕೆಳಗೆ ದುಂಡಗಿನ ಅಕ್ಷರದ ಚೀಟಿ:

"ಉಳಿದ ಹನ್ನೊಂದು ಬಿಲ್ಲೆಗಳನ್ನು ಚುಚ್ಚುವ ಕೆಲಸದವಳು ಕದ್ದಳು."

'ಎಂದು ವರದಿ' ಎಂಬ ಎರಡು ಪದವೂ ಇಲ್ಲ. ಬರೀ 'ಕದ್ದಳು'.

ಅವನು ಏಣಿಯ ಮೇಲೆ ನಿಂತು ದೀಪ ಸರಿಮಾಡುತ್ತಿದ್ದ. ಕೆಳಗಿಳಿದ.

"ಇದು ನಿಮ್ಮ ಅಕ್ಷರ."

"ಹೌದು."

"ಯಾರಾದರೂ ಹೇಳಿ ಬರೆಸಿದ್ರಾ?"

ಹೌದು ಎನ್ನಲಿ, ಒಂದು ಸಲ ಸುಳ್ಳಾದರೂ ಹೇಳಲಿ ಎಂದು ಅವಳ ಒಳಗೆ ಯಾರೋ ಬೇಡಿಕೊಂಡರು.

"ಇಲ್ಲ. ನಾನೇ ಬರೆದೆ."

"ಸರಿ," ಎಂದಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು ನಡೆದಳು. ಬಾಗಿಲವರೆಗೆ ನೆಟ್ಟಗೇ ನಡೆದಳು.

ಮನೆಯಲ್ಲಿ ಅಜ್ಜಿಗೆ ಆ ಚೀಟಿಯ ಸಾಲನ್ನು ಹೇಳಿದಳು. ಅಜ್ಜಿ ಬೈಯುತ್ತಾಳೆ, ತಲೆ ಸವರುತ್ತಾಳೆ ಎಂದುಕೊಂಡಿದ್ದಳು. ಅಜ್ಜಿ ಎದ್ದು ಟ್ರಂಕಿನ ಬೀಗ ತೆಗೆದಳು. ಹಳೆಯ ಕಂಬಳಿಗಳ ಕೆಳಗಿನಿಂದ, ತಳದಿಂದ, ಸೊಂಟಕ್ಕೆ ಕಟ್ಟುವ ಒಂದು ಬಟ್ಟೆಯ ಚೀಲ ತೆಗೆದು ಮೊಮ್ಮಗಳ ಮಡಿಲಿಗೆ ಹಾಕಿದಳು.

ಹತ್ತು ಕೆಂಪು ಬಂಡಿಗಳು ಮಡಿಲಿಗೆ ಉರುಳಿದವು. ಇನ್ನೊಂದನ್ನು ಅಜ್ಜಿ ಕೈಯಲ್ಲೇ ಹಿಡಿದಿದ್ದಳು.

"ಆಸ್ಪತ್ರೇಲಿ ಬಟ್ಟೆ ಗಂಟು ಕೊಟ್ಟರು. ಅದರಲ್ಲಿ ಈ ಚೀಲ ಇತ್ತು. ಆಚೆ ಕಂಪನಿ ಗುಮಾಸ್ತ ಒಬ್ಬ ಹೇಳ್ತಿದ್ದ, ಹನ್ನೊಂದು ಬಿಲ್ಲೆ ಕಾಣ್ತಿಲ್ಲ, ಆ ಹುಡುಗಿ ಕದ್ದಿರಬೇಕು ಅಂತ. ಎಣಿಸಿದೆ. ಹತ್ತಿತ್ತು." ಅಜ್ಜಿ ಕೈಯಲ್ಲಿದ್ದದ್ದನ್ನು ತಿರುಗಿಸಿದಳು. "ಹನ್ನೊಂದನೇದು ಅವಳ ಮುಷ್ಟಿಯೊಳಗಿತ್ತು. ಸೂಜಿ ಹೆಬ್ಬೆರಳಿಗೆ ಚುಚ್ಚಿಕೊಂಡಿತ್ತು. ನಾನೇ ಬೆರಳು ಬಿಡಿಸಿ ತೆಗೆದೆ. ಸಾಯೋವಾಗಲೂ ಕದ್ದಿದ್ದನ್ನ ಬಿಡಲಿಲ್ಲವಲ್ಲೇ ಅಂತ... ಹೆಣಕ್ಕೆ ಹೊಡೆದೆ ಪುಟ್ಟಿ. ಕೆನ್ನೆಗೆ ಹೊಡೆದೆ."

"ಇಪ್ಪತ್ತಮೂರು ವರ್ಷ," ಎಂದಳು ಹುಡುಗಿ. "ನನ್ನನ್ನ ಆ ಹಿರಿಯಮ್ಮನ ಬಾಗಿಲಿಗೆ ಕಳಿಸಿದೆ. ಕಳ್ಳಿ ಮಗಳು ಅಂತ ಬೈಸಿದೆ. ಇದನ್ನ ಟ್ರಂಕಲ್ಲಿ ಇಟ್ಕೊಂಡು."

"ತೋರಿಸಿದ್ರೆ ಕಳ್ಳಿ ಅನ್ನೋದು ನಿಜ ಆಗ್ತಿತ್ತು. ತೋರಿಸದೇ ಇದ್ರೆ ಬರೀ ಮಾತಾಗಿ ಉಳೀತಿತ್ತು. ಮೊನ್ನೆ ಆ ಹುಡುಗ ಅವನಪ್ಪನ ಮಾತು ಹೇಳಿದಾಗ ಅಲ್ವಾ ನನಗೆ ಅನುಮಾನ ಬಂದಿದ್ದು... ನೀನು ಬಿಲ್ಲೆ ಕೆಲಸದವಳು. ನೋಡಿ ಹೇಳು. ಕದ್ದಿದ್ದಾ ಇದು?"

ಅವಳು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ಹತ್ತರ ಸೂಜಿಯೂ ಒತ್ತಿದ ಹಾಗೇ ಇತ್ತು. ಕೂದಲೆಳೆಯಷ್ಟೂ ಎದ್ದಿರಲಿಲ್ಲ. ಹಿಂದೆ ನಂಬರು: ಹದಿನೈದು, ಹದಿನಾರು... ಇಪ್ಪತ್ತನಾಲ್ಕರವರೆಗೆ. ಅಜ್ಜಿಯ ಕೈಯಲ್ಲಿದ್ದದ್ದರ ಸೂಜಿ ಮಾತ್ರ ತೆರೆದಿತ್ತು.

ಹದಿನಾಲ್ಕು.

"ಕದ್ದಿದ್ದಲ್ಲ ಅಜ್ಜಿ," ಎಂದಳು. ಮುಂದಿನ ಮಾತು ಕಠೋರವೆಂದು ಗೊತ್ತಿತ್ತು. ಆದರೂ ಹೇಳಿದಳು. "ಅವಳು ಕೆಲಸ ಮಾಡ್ತಿದ್ದಳು. ನೀನು ಹೊಡೆದಿದ್ದು ಅದಕ್ಕೆ."



ಮರುದಿನ ಮ್ಯೂಸಿಯಂನ ಬಾಗಿಲು ತೆರೆಯುವ ಮುಂಚೆಯೇ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಅವನ ಹತ್ತಿರ ಹೋಗಲು ಅವಳ ಕಾಲು ಒಪ್ಪಿರಲಿಲ್ಲ. ಆದರೆ ಒಂದರಿಂದ ಹದಿಮೂರರವರೆಗಿನ ನಂಬರು ಅವನ ಹತ್ತಿರವೇ ಇತ್ತು. ಎರಡೂ ಒಂದಾಗದೆ ಯಾವುದಕ್ಕೂ ಬಾಯಿ ಬರುತ್ತಿರಲಿಲ್ಲ.

ಅವನು ಗಾಜು ಸರಿಸಿದ. ಅವಳು ಒಂದೊಂದೇ ಬಿಲ್ಲೆಯನ್ನು ಗುಳಿಗೆ ಇಟ್ಟಳು, ಬೆನ್ನು ಮೇಲಾಗಿ; ಮೊದಲಿದ್ದವನ್ನೂ ತಿರುಗಿಸಿದಳು. ಹದಿಮೂರು ಸೂಜಿಗಳು ಒಮ್ಮೆ ಬಿಚ್ಚಿ ಮುಚ್ಚಿದಂಥವು. ಹತ್ತು ಸೂಜಿಗಳು ಎಂದೂ ಬಿಚ್ಚದವು. ನಡುವೆ ಒಂದು, ತೆರೆದದ್ದು.

"ಮುಂದಿನ ಸಾಲಿಂದ ಶುರು ಮಾಡಿದ್ದಾರೆ," ಎಂದ ಅವನು. "ಬಂಡಿ ಹೋಗ್ತಾ ಇತ್ತು. ಅಪ್ಪ ಹೇಳಿದ್ದು..."

ಅವನು ನೆಲದ ಮೇಲೆ ಕುಳಿತುಬಿಟ್ಟ. ಅಷ್ಟು ಎತ್ತರದ ಮನುಷ್ಯ ಏಣಿಯ ಕಾಲಿಗೆ ಹಣೆ ಒತ್ತಿಕೊಂಡು ಅತ್ತ.

ಅವಳು ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕುಳಿತಳು.

"ಆ ಚೀಟಿ," ಎಂದ ಕಣ್ಣೊರೆಸಿಕೊಂಡು. "ಸುಳ್ಳು ಇರಬಹುದು ಅಂತ ಗೊತ್ತಿದ್ದೇ ಬರೆದೆ. ನೀವು ಓದಬೇಕು ಅಂತ ಬರೆದೆ. ಓದಿ ನೋಯಬೇಕು ಅಂತ."

"ನೋವಾಯ್ತು."

"ಗೊತ್ತು."

"ನಾನೂ ನಿಮ್ಮಪ್ಪನ ಹಣೆ ಅಂದಿದ್ದು ಬಾಯಿ ತಪ್ಪಿ ಅಲ್ಲ. ಹುಡುಕಿ ಹುಡುಕಿ ಅಂದೆ."

ಅವನು ಚೀಟಿ ತೆಗೆದು ಹರಿಯಲು ಹೋದ. ಅವಳು ಕೈ ಹಿಡಿದಳು.

"ಹರಿಯೋದು ಬೇಡ. ಒಳಗಿಡಿ. ನಾವಿಬ್ಬರೂ ಎಂಥೋರು ಅಂತ ಮರೆತುಹೋದ್ರೆ ತೆಗೆದು ಓದಬಹುದು. ಹೊಸದನ್ನ ನಾನು ಬರೀತೀನಿ. ನಿಮ್ಮಪ್ಪ ಹೇಳಿದ ಮಾತಿಂದಲೇ ಶುರು ಮಾಡ್ತೀನಿ."

ಹಿಡಿದ ಕೈಯನ್ನು ಅವಳು ಬಿಡಲಿಲ್ಲ. ಅವನೂ ಎಳೆದುಕೊಳ್ಳಲಿಲ್ಲ.



ಸತ್ತವರ ಮನೆಯವರಿಗೆಂದು ಪ್ರದರ್ಶನವನ್ನು ಒಂದು ದಿನ ಮುಂಚೆ ತೆರೆದರು. ಹಿರಿಯಮ್ಮ ಕೋಲೂರಿಕೊಂಡು ಬಂದು ಕೊನೆಯ ಪೆಟ್ಟಿಗೆಯ ಮುಂದೆ ನಿಂತಳು. ಹೊಸ ಚೀಟಿಯನ್ನು ಎರಡು ಸಲ ಓದಿದಳು.

"ಈ ಒಂದು ಯಾಕೆ ತೆರೆದಿದೆ?"

"ಅದು ನಿಮ್ಮ ಮನೆಯವರ ಸೀಟಿನದು," ಎಂದಳು ಹುಡುಗಿ. "ಚುಚ್ಚೋಕೆ ಅಂತ ಅಮ್ಮ ಅವರ ಕಡೆ ಬಾಗಿದ್ದಳು. ಆಗಲೇ ಹಗ್ಗ..."

"ಅವರಿಗೆ ಎತ್ತರ ಅಂದ್ರೆ ಹೆದರಿಕೆ," ಎಂದಳು ಹಿರಿಯಮ್ಮ. "ನಾನೇ ಬಲವಂತ ಮಾಡಿ ಕಳಿಸಿದ್ದು. ಹೋಗಿ ಬನ್ನಿ, ಏನೂ ಆಗಲ್ಲ, ನನಗೊಂದು ಬಿಲ್ಲೆ ತನ್ನಿ ಅಂತ. ಆ ಹೊತ್ತಲ್ಲಿ ಒಬ್ಬರೇ ಇದ್ದರಲ್ಲ ಅಂತಲೇ ನನಗೆ... ಪಕ್ಕದಲ್ಲಿ ಯಾರೋ ಬಾಗಿದ್ದರು ಅನ್ನು."

"ಹೂಂ."

"ನನ್ನನ್ನ ಬೈಕೊಳ್ಳೋ ಬದಲು ನಿಮ್ಮಮ್ಮನ್ನ ಬೈದೆ. ಕ್ಷಮೆ ಗಿಮೆ ಕೇಳಲ್ಲ ನಾನು. ಇಷ್ಟು ವರ್ಷದ ಅಭ್ಯಾಸ, ಒಂದು ದಿನಕ್ಕೆ ಹೋಗಲ್ಲ. ಆದ್ರೆ ಅವರ ಹೆಸರಿನ ಕೆಳಗೆ ಒಂದು ಸಾಲು ಜಾಗ ಬಿಡಿಸಿದ್ದೆ. ನನಗೆ ಅಂತ." ಕೋಲನ್ನು ನೆಲಕ್ಕೆ ಕುಟ್ಟಿದಳು. "ಅಲ್ಲಿ ಹಾಕಿಸು. ಕೆತ್ತೋನಿಗೆ ನಾನೇ ಹೇಳ್ತೀನಿ."



ಕೆತ್ತುವ ದಿನ ಅಜ್ಜಿ ಹೊಸ ಸೀರೆ ಉಟ್ಟು, ತಲೆ ಬಾಚಿ, ಹೊಸ್ತಿಲವರೆಗೆ ಬಂದು ನಿಂತಳು.

"ನಾನು ಬರಲ್ಲ ಪುಟ್ಟಿ. ಊರು ನಂಬದೇ ಇದ್ದಿದ್ದಕ್ಕೆ ಊರಿಗೆ ಶಾಪ ಹಾಕಿದೆ. ನಾನೇ ನಂಬಲಿಲ್ಲ. ಯಾವ ಮುಖ ಇಟ್ಕೊಂಡು ಅವಳ ಹೆಸರಿನ ಮುಂದೆ ನಿಂತ್ಕೊಳ್ಳಲಿ?"

ಬಾ ಎಂದು ಒಂದು ಸಲ ಕೈ ಹಿಡಿದಿದ್ದರೆ ಅಜ್ಜಿ ಬರುತ್ತಿದ್ದಳೇನೋ. ಹುಡುಗಿ ಹಿಡಿಯಲಿಲ್ಲ. ಆ ಕೆನ್ನೆಯೇಟು ಅವಳ ಕೆನ್ನೆಯ ಮೇಲೆ ಇನ್ನೂ ಉರಿಯುತ್ತಿತ್ತು. ಒಬ್ಬಳೇ ಹೊರಟಳು.

ಬೆಟ್ಟದ ಬುಡದಲ್ಲಿ ಅವನು ಆಗಲೇ ಬಂದಿದ್ದ. ಕೆತ್ತುವವನು ಕಲ್ಲಿಗೆ ನೀರು ಚಿಮುಕಿಸಿ, ಸೀಮೆಸುಣ್ಣದಲ್ಲಿ ನಾಲ್ಕು ಅಕ್ಷರ ಗುರುತು ಮಾಡಿ ಉಳಿ ಹಿಡಿದ. ಮೊದಲ ಅಕ್ಷರ. ಇಬ್ಬರೂ ಹುಲ್ಲಿನ ಮೇಲೆ ಕುಳಿತರು.

"ನಿಮ್ಮಪ್ಪನಿಗೆ ಇಲ್ಲಿ ಜಾಗ ಇಲ್ಲವಲ್ಲ," ಎಂದಳು.

"ಅವರು ಸತ್ತಿದ್ದು ಮನೇಲಿ, ಬಾಗಿಲು ಹಾಕ್ಕೊಂಡು. ಅದಕ್ಕೆ ಕಲ್ಲು ನೆಡಲ್ಲ."

ಎರಡನೇ ಅಕ್ಷರ. ಕಲ್ಲಿನ ಪುಡಿ ಗಾಳಿಗೆ ಹಾರಿ ಅವಳ ಕೂದಲಿಗೆ ಅಂಟಿತು. ಅವನು ತೆಗೆಯಲು ಕೈ ಎತ್ತಿ, ಸುಮ್ಮನಾದ.

"ತೆಗೀಬಹುದು," ಎಂದಳು.

ಅವನು ತೆಗೆದ. ಬೇಕಾದ್ದಕ್ಕಿಂತ ನಿಧಾನವಾಗಿ.

"ಮೊದಲನೇ ದಿನವೇ ಹೇಳಿದ್ದರೆ ನೀನು ನನ್ನನ್ನ ಓಡಿಸ್ತಿದ್ದೆ, ಅಲ್ವಾ?" ಎಂದ.

"ಓಡಿಸ್ತಿದ್ದೆ."

"ಅದಕ್ಕೇ ಹೇಳಲಿಲ್ಲ. ಹನ್ನೊಂದು ಬಿಲ್ಲೆಗೆ ಬಂದೆ, ನಿಜ. ಎರಡನೇ ವಾರದಿಂದ ಬಿಲ್ಲೆ ಬರೀ ನೆಪ ಆಗಿತ್ತು. ರಿಪೇರಿಗೆ ಅಂತ ತಂದಿದ್ದರಲ್ಲಿ ಅರ್ಧಕ್ಕರ್ಧ ಚೆನ್ನಾಗೇ ಇತ್ತು."

"ಗೊತ್ತಿತ್ತು. ಬಳೆ ಸಡಿಲ ಮಾಡಿದ್ದು ಸ್ಕ್ರೂಡ್ರೈವರ್‌ನಲ್ಲಿ ಅಂತ ನೋಡಿದ್ರೇ ಗೊತ್ತಾಗುತ್ತೆ."

ಮೂರನೇ ಅಕ್ಷರ. ಅವಳು ಅವನ ಭುಜಕ್ಕೆ ತಲೆ ಒರಗಿಸಿದಳು, ಕಣ್ಣು ಮಾತ್ರ ಉಳಿಯ ಮೊನೆಯ ಮೇಲೆ.

"ನನ್ನ ಬಾಯಿ ಕೆಟ್ಟದ್ದು," ಎಂದಳು. "ಇನ್ನೂ ಎಷ್ಟೋ ಸಲ ನೋಯಿಸ್ತೀನಿ."

"ನನ್ನ ಅಕ್ಷರವೂ ಅಷ್ಟೇ."

"ಅಜ್ಜೀನ ಕೇಳಿದೆ ನಿನ್ನ ವಿಷಯ. ಆ ಹುಬ್ಬು ನೋಡ್ಕೊಂಡು ದಿನಾ ಊಟ ಮಾಡಬೇಕಾ ನಾನು ಅಂದಳು."

"ಅಂದ್ರೆ?"

"ಅಂದ್ರೆ ಊಟಕ್ಕೆ ಕರೆದ ಹಾಗೆ. ಬರ್ತೀಯಾ?"

"ಬರ್ತೀನಿ."

ಕೆತ್ತುವವನು ಸುತ್ತಿಗೆ ಇಳಿಸಿದ. ಬಾಗಿ, ನಾಲ್ಕನೇ ಅಕ್ಷರದೊಳಗಿನ ಪುಡಿಯನ್ನು ಬಾಯಿಂದ ಊದಿ, ಒದ್ದೆ ಬಟ್ಟೆಯಿಂದ ಇಡೀ ಹೆಸರನ್ನು ಒಂದು ಸಲ ಒರೆಸಿದ.

"ಆಯ್ತಮ್ಮ," ಎಂದ. "ಓದಿ ನೋಡಿ."

ಅವಳು ಎದ್ದು ಹೋಗಿ, ಗಟ್ಟಿಯಾಗಿ ಓದಿದಳು.